ಮುಟ್ಟಿ ನೋಡಿ ಡಾಕ್ಟ್ರೇ, ಆಮೇಲೆ ನಂಬಿಕೆಯ ಮಾತಾಡೋಣ

ಕಾಸರಗೋಡಿನ ಜಿಲ್ಲಾ ವೈದ್ಯಾಧಿಕಾರಿಗಳಿಗೆ,
ಹಾಗೂ ಈ ಜಿಲ್ಲೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿರುವ ಎಲ್ಲ ವೈದ್ಯರಿಗೆ,

ಮಾನ್ಯರೇ, ನಮಸ್ಕಾರಗಳು.

ನಾನು ಮಂಜೇಶ್ವರ ತಾಲೂಕಿನ ಒಂದು ಹಳ್ಳಿಯವಳು. ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾದ ಟೀಚರ್. ಮನೆಮಾತು ಕನ್ನಡ, ಊರಿನ ಮಾತು ತುಳು, ಮಲಯಾಳ ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದು. ಮೂರೂ ಬರುತ್ತವೆ ಅನ್ನೋ ಕಾರಣಕ್ಕೆ ನೆರೆಕರೆಯವರು ಆಸ್ಪತ್ರೆಗೆ ಹೊರಟಾಗ ನನ್ನನ್ನು ಜತೆಗೆ ಕರೆಯುತ್ತಾರೆ. ಹೆಚ್ಚಾಗಿ ಕರೆಯುವವರು ನಮ್ಮ ಮನೆಯಿಂದ ಕೂಗಳತೆಯಲ್ಲಿರುವ, ಕೊರಗ ಬುಡಕಟ್ಟಿನವರ ಕಾಲನಿಯವರು. ಹಾಗಾಗಿ ಹೊರರೋಗಿಗಳನ್ನು ನೋಡುವ ಓಪಿ ಕೋಣೆಯ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ನಾನು ರೋಗಿಯ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಯಾರೋ ಹೇಳಿದ್ದನ್ನು ಇಲ್ಲಿ ಬರೆಯುತ್ತಿಲ್ಲ.

ಇತ್ತೀಚೆಗೆ ನಮ್ಮ ಕಡೆ ಆರೋಗ್ಯದ ಬಗ್ಗೆ ಒಂದು ಸಭೆ ಆಯಿತು. ಅಲ್ಲಿ ವೈದ್ಯರೊಬ್ಬರು ಎದ್ದು ಹೇಳಿದರು: "ಕಾಲನಿಯವರು ಬರೋದೇ ಇಲ್ಲ. ಬಂದು ಅಡ್ಮಿಟ್ ಆದರೂ ರಾತ್ರಿ ಹೇಳದೆ ಕೇಳದೆ ಹೋಗಿಬಿಡ್ತಾರೆ. ಅವರಿಗೆ ತಿಳಿವಳಿಕೆ ಇಲ್ಲ, ನಮ್ಮ ಮೇಲೆ ನಂಬಿಕೆಯೂ ಇಲ್ಲ. ನಾವೇನು ಮಾಡೋದು?" ಕುಳಿತಿದ್ದ ಬಹಳ ಜನ ಹೌದು ಹೌದು ಅಂದರು. ಆಮೇಲೆ ಚಹಾ ಬಂತು, ಸಭೆ ಮುಗಿಯಿತು. ಕಾಲನಿಯಿಂದ ಒಬ್ಬರನ್ನೂ ಕರೆದಿರಲಿಲ್ಲ.

ನಂಬಿಕೆ ಇಲ್ಲ ಅನ್ನೋದು ಸತ್ಯ. ಆದರೆ ಆ ನಂಬಿಕೆ ಹೋದದ್ದು ಹೇಗೆ ಅಂತ ಆ ದಿನ ಯಾರೂ ಕೇಳಲಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಕಾಲನಿಯ ಒಬ್ಬ ಅಕ್ಕನಿಗೆ ಹೊಟ್ಟೆನೋವು ಶುರುವಾಗಿತ್ತು. ಕಾಡುಬಳ್ಳಿ ತಂದು ಬುಟ್ಟಿ ಹೆಣೆಯುವ ಕೆಲಸ ಅವರದು. ಬಲಗಡೆ, ಪಕ್ಕೆಲುಬಿನ ಕೆಳಗೆ ನೋವು. ಬೆನ್ನಿಗೂ ಹೋಗುತ್ತದೆ, ಊಟ ಮಾಡಿದ ಮೇಲೆ ಜಾಸ್ತಿ, ಜತೆಗೆ ವಾಂತಿ. ಇಷ್ಟನ್ನೂ ದಾರಿಯಲ್ಲಿ ನನಗೆ ಸರಿಯಾಗಿ, ಒಂದರ ಹಿಂದೆ ಒಂದು ಹೇಳಿದರು. ತಮ್ಮ ನೋವನ್ನು ಅಷ್ಟು ಚೆನ್ನಾಗಿ ಹೇಳುವವರನ್ನು ನಾನು ಓದಿದವರಲ್ಲೂ ಕಡಿಮೆ ನೋಡಿದ್ದೇನೆ. ಓಪಿ ಚೀಟಿ ಮಾಡಿಸಿ ಕಾದು ಒಳಗೆ ಹೋದೆವು. ಡಾಕ್ಟ್ರು ಎಳೆಯ ವಯಸ್ಸಿನವರು. ತಲೆ ಎತ್ತಿ ನನ್ನನ್ನು ನೋಡಿದರು, ಅಕ್ಕನನ್ನು ನೋಡಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಲಯಾಳದಲ್ಲಿ ಕೇಳಿದರು, "ಕುಡಿಯುತ್ತಾರಲ್ವಾ?"

ಆ ಅಕ್ಕ ಜನ್ಮದಲ್ಲಿ ಕುಡಿದವರಲ್ಲ. ಹಾಗಂತ ಹೇಳಿದೆ. "ಇವರೆಲ್ಲ ಇಲ್ಲ ಅಂತಲೇ ಹೇಳೋದು" ಅಂತ ಗ್ಯಾಸಿನ ಮಾತ್ರೆ ಬರೆದರು. ಪಕ್ಕದಲ್ಲೇ ಪರೀಕ್ಷೆ ಮಾಡುವ ಮಂಚ ಇತ್ತು, ಮೇಲೆ ಹಸಿರು ರೆಕ್ಸಿನ್ ಹಾಸು, ಬದಿಯಲ್ಲಿ ಪರದೆ. ಅವರ ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್ ಇತ್ತು. ಮಲಗಿಸಲಿಲ್ಲ. ಹೊಟ್ಟೆ ಒತ್ತಿ ನೋಡಲಿಲ್ಲ. ಕಣ್ಣಿನ ರೆಪ್ಪೆ ಎಳೆದು ನೋಡಲಿಲ್ಲ. ಚೀಟಿಯನ್ನು ಕೈಗೆ ಕೊಡದೆ ಎರಡು ಬೆರಳಿನಲ್ಲಿ ಮೇಜಿನ ಅಂಚಿಗೆ ತಳ್ಳಿದರು. ನಾವು ಏಳುವಷ್ಟರಲ್ಲಿ ಒಳಗೆ ಬಂದವರು ಪೇಟೆಯ ಅಂಗಡಿಯವರೊಬ್ಬರು, ಅವರದ್ದೂ ಹೊಟ್ಟೆಯ ತೊಂದರೆಯೇ. "ಬನ್ನಿ, ಮಲಗಿ, ನೋಡೋಣ" ಅನ್ನೋ ಮಾತು ನಮ್ಮ ಬೆನ್ನ ಹಿಂದೆ ಕೇಳಿಸಿತು.

ಆಮೇಲೆ ಆ ಅಕ್ಕನಿಗೆ ಚಳಿ ಜ್ವರ ಬಂದು, ಕಣ್ಣು ಹಳದಿಯಾಗಿ, ಮಂಗಳೂರಿಗೆ ಕರೆದುಕೊಂಡು ಹೋಗಬೇಕಾಯಿತು. ಪಿತ್ತಕೋಶದಲ್ಲಿ ಕಲ್ಲು, ಸೋಂಕು ಏರಿದೆ ಅಂದರು. ಆಪರೇಷನ್ ಆಯಿತು, ಜೀವ ಉಳಿಯಿತು. ಸಾಲ ಇನ್ನೂ ಇದೆ. ಈಗ ಕಾಲಿಗೆ ಗಾಯವಾಗಿ ಕೀವಾದರೂ ಅವರು ಹೇಳುವುದು ಒಂದೇ: "ಟೀಚರೇ, ಎಂಕ್ ಆ ಆಸ್ಪತ್ರೆ ಬೊಡ್ಚಿ." ನನಗೆ ಆ ಆಸ್ಪತ್ರೆ ಬೇಡ ಅಂತ. ಇವರನ್ನು ತಿಳಿವಳಿಕೆ ಇಲ್ಲದವರು ಅಂತ ಯಾವ ಬಾಯಲ್ಲಿ ಹೇಳೋದು? ತಮಗಾದದ್ದನ್ನು ಅವರು ಚೆನ್ನಾಗಿಯೇ ತಿಳಿದುಕೊಂಡಿದ್ದಾರೆ.

ಇನ್ನೊಂದು ಘಟನೆ ಬೇರೊಂದು ಆಸ್ಪತ್ರೆಯದ್ದು. ಮಳೆಗಾಲದಲ್ಲಿ ಇಲಿಜ್ವರದ ಸಂಶಯ ಅಂತ ಕಾಲನಿಯ ಒಬ್ಬ ಹುಡುಗನನ್ನು ಅಡ್ಮಿಟ್ ಮಾಡಿಕೊಂಡರು. ಡ್ರಿಪ್ ಹಾಕಲು ನರ ಸಿಗುತ್ತಿಲ್ಲ. ಚುಚ್ಚಿದರು, ತೆಗೆದರು, ಮತ್ತೆ ಚುಚ್ಚಿದರು. ಆಗುತ್ತದೆ, ಜ್ವರ ಬಂದು ಬಳಲಿದವರ ನರ ಸಿಗೋದು ಕಷ್ಟ. ಆದರೆ ಅಲ್ಲಿ ನಿಂತಿದ್ದ ಡಾಕ್ಟ್ರು ನಗುತ್ತಾ ಹೇಳಿದರು, "ಈ ಕರಿ ಕೈಯಲ್ಲಿ ನರ ಹುಡುಕಬೇಕಾದರೆ ಟಾರ್ಚ್ ಬೇಕು." ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದವರೂ ನಕ್ಕರು. ಮಲಯಾಳ ಆ ಹುಡುಗನಿಗೆ ಮಾತಾಡಲು ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ಅವನು ಏನೂ ಹೇಳಲಿಲ್ಲ, ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. ಆ ರಾತ್ರಿಯೇ ಡ್ರಿಪ್ ಕಿತ್ತು ಮನೆಗೆ ನಡೆದ.

ಆಸ್ಪತ್ರೆಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಹೇಳದೆ ಹೋದವನು ಅಂತ ದಾಖಲಾಯಿತು. ಟಾರ್ಚಿನ ಮಾತು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಸಭೆಗಳಿಗೆ ಬರುವ ಲೆಕ್ಕ ಆ ಪುಸ್ತಕದ್ದು ಮಾತ್ರ. ಅದನ್ನೇ ಓದಿ "ಅವರು ನಿಲ್ಲೋದಿಲ್ಲ" ಅನ್ನೋ ತೀರ್ಮಾನಕ್ಕೆ ಬರುತ್ತೀರಿ. ನನ್ನ ದೂರಿನ ತಿರುಳು ಇದೇ.

ಎಲ್ಲ ವೈದ್ಯರೂ ಹೀಗೆ ಅಂತ ನಾನು ಹೇಳುವುದಿಲ್ಲ. ಓಪಿಯಲ್ಲಿ ಉಸಿರಾಡಲು ಬಿಡುವಿಲ್ಲದಷ್ಟು ಜನ, ಖಾಲಿ ಬಿದ್ದ ಹುದ್ದೆಗಳು, ಕಾಸರಗೋಡಿಗೆ ಬರುವುದೆಂದರೆ ಶಿಕ್ಷೆಯ ವರ್ಗಾವಣೆ ಅನ್ನೋ ಭಾವನೆ, ಇವೆಲ್ಲ ನನಗೂ ಗೊತ್ತು. ರಾತ್ರಿಯಿಡೀ ನಿಂತು ಕಾಲನಿಯ ಹೆಂಗಸಿನ ಹೆರಿಗೆ ಮಾಡಿಸಿ, ಬೆಳಿಗ್ಗೆ ಮಗುವನ್ನು ತಾವೇ ಎತ್ತಿ ತೋರಿಸಿದ ಡಾಕ್ಟ್ರಮ್ಮನನ್ನೂ ನೋಡಿದ್ದೇನೆ. ಅವರ ಹೆಸರನ್ನು ಕಾಲನಿಯಲ್ಲಿ ಇಂದಿಗೂ ಹೇಳುತ್ತಾರೆ. ಆದರೆ ಕೆಲಸದ ಒತ್ತಡ ಅಂತ ಹೇಳುವಾಗ ಒಂದು ಪ್ರಶ್ನೆಗೆ ಉತ್ತರ ಬೇಕು. ಆ ಒತ್ತಡ ಅಂಗಡಿಯವರನ್ನು ಮಲಗಿಸಿ ನೋಡಲು ಅಡ್ಡಿಯಾಗಲಿಲ್ಲ, ಬುಟ್ಟಿ ಹೆಣೆಯುವ ಅಕ್ಕನಿಗೆ ಮಾತ್ರ ಯಾಕೆ ಅಡ್ಡಿಯಾಯಿತು?

ಇದನ್ನು ವರ್ಣಭೇದ ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಅದೆಲ್ಲ ಅಮೆರಿಕದಲ್ಲಿ, ಬಿಳಿಯರು ಕರಿಯರ ನಡುವೆ, ನಮ್ಮಲ್ಲಿ ಎಲ್ಲಿ ಅಂತ ಕೇಳುತ್ತಾರೆ. ಸ್ವಲ್ಪ ಹಿಂದೆ ಹೋಗಿ ನೋಡೋಣ. ಈ ನೆಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದ ಕಾಲದಲ್ಲಿ, ಮದ್ರಾಸಿನ ಮ್ಯೂಸಿಯಮ್ಮಿನ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಜನರ ತಲೆ, ಮೂಗು ಅಳೆದು ಪಟ್ಟಿ ಮಾಡಿದರು. ಅವರೂ ಲಂಡನ್ನಿನಲ್ಲಿ ವೈದ್ಯವಿದ್ಯೆ ಕಲಿತವರೇ. ಮೂಗಿನ ಅಗಲ ನೋಡಿ ಮನುಷ್ಯರನ್ನು ಮೇಲೆ ಕೆಳಗೆ ಇಡುವ ಆ ವಿದ್ಯೆಗೆ ಈಗ ವಿಜ್ಞಾನದಲ್ಲಿ ಜಾಗ ಇಲ್ಲ. ಆದರೆ ಬಣ್ಣ, ಮುಖ ನೋಡಿದ ತಕ್ಷಣ "ಇವರು ಇಂಥವರು" ಅಂತ ನಿರ್ಧರಿಸುವ ಅಭ್ಯಾಸ ಓಪಿ ಕೋಣೆಯಲ್ಲಿ ಇನ್ನೂ ಇದೆ. ನಮ್ಮಲ್ಲಿ ಜಾತಿ, ಬುಡಕಟ್ಟು, ಬಣ್ಣ ಮೂರೂ ಒಟ್ಟಿಗೆ ಬರುತ್ತವೆ, ಅಷ್ಟೇ ವ್ಯತ್ಯಾಸ. ಅಡಿಕೆ ತೋಟಕ್ಕೆ ಕೆಲಸಕ್ಕೆ ಬಂದ ಅಸ್ಸಾಮಿನ, ಜಾರ್ಖಂಡಿನ ಹುಡುಗರಿಗೂ ಇದೇ ಅನುಭವ. ಅದರ ಬಗ್ಗೆ ಬರೆದರೆ ಇನ್ನೊಂದು ಪತ್ರವಾದೀತು.

ಕೊರಗರ ವಿಷಯದಲ್ಲಿ ಇದು ಇನ್ನೂ ಆಳಕ್ಕೆ ಹೋಗುತ್ತದೆ. ಹೊರಗಿನಿಂದ ಬಂದ ವೈದ್ಯರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತೇನೆ. ಅಜಲು ಅಂತ ಒಂದು ಪದ್ಧತಿ ಇತ್ತು. ಮೇಲಿನವರ ಮನೆಯಲ್ಲಿ ಕಾಯಿಲೆ, ದೋಷ ಅಂತಾದರೆ ಅನ್ನಕ್ಕೆ ಕೂದಲು, ಉಗುರು ಸೇರಿಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಕಾಯಿಲೆ ಆ ಮನೆ ಬಿಟ್ಟು ಕೊರಗರ ಮೈಗೆ ಹೋಗಲಿ ಅಂತ. ಇದು ಎಲ್ಲೋ ಪುರಾಣ ಕಾಲದ ಮಾತಲ್ಲ. ಕರ್ನಾಟಕ ಸರಕಾರ ಅಜಲು ನಿಷೇಧಿಸಿ ಕಾನೂನು ತಂದದ್ದು 2000ದಲ್ಲಿ. ಅಂದರೆ ಇವತ್ತು ನಿಮ್ಮ ಓಪಿಗೆ ಬರುವ ಅಜ್ಜ ಅಜ್ಜಿಯರ ಕಾಲದಲ್ಲೇ ಅದು ನಡೆದಿದೆ. ಬೇರೆಯವರ ರೋಗವನ್ನು ತಮ್ಮ ಮೈಮೇಲೆ ಎಸೆಯುತ್ತಿದ್ದ ಸಮಾಜದ ಮುಂದೆ, ಈಗ ತಮ್ಮ ರೋಗ ಹೇಳಿಕೊಳ್ಳಲು ಬಂದು ನಿಲ್ಲುವುದು ಅವರಿಗೆ ಸುಲಭ ಅಲ್ಲ. ಅಂಥವರಿಗೆ ಮೇಜಿನ ಅಂಚಿಗೆ ಚೀಟಿ ತಳ್ಳಿದರೆ ಅದರಲ್ಲಿ ಏನು ಕಾಣಿಸುತ್ತದೆ ಅಂತ ಯೋಚಿಸಿ.

ಕೇಂದ್ರ ಸರಕಾರ ಕೊರಗರನ್ನು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ಪಟ್ಟಿಯಲ್ಲಿ ಇಟ್ಟಿದೆ. ದೇಶದಲ್ಲಿ ಅಂಥವು 75, ಕೇರಳದಲ್ಲಿ ಐದು, ಅದರಲ್ಲಿ ಇವರೊಬ್ಬರು. ಪಟ್ಟಿಗೆ ಸೇರಿಸಿದ್ದರಿಂದ ಯೋಜನೆಗಳು ಬಂದವು. ಓಪಿಯಲ್ಲಿ ಕುಳ್ಳಿರಿಸಿ ಮಾತಾಡಿಸುವ ಮರ್ಯಾದೆ ಯೋಜನೆಯಿಂದ ಬರುವುದಿಲ್ಲ, ಅದು ನಿಮ್ಮಿಂದಲೇ ಬರಬೇಕು.

ಅಮೆರಿಕದ ಮಾತು ಬಂತಲ್ಲ, ಅದನ್ನೂ ನೋಡೋಣ. ಯಾಕೆಂದರೆ ಅಲ್ಲಿ ಇದನ್ನು ಅಳೆದು, ದಾಖಲಿಸಿ ಇಟ್ಟಿದ್ದಾರೆ. ಅಲಬಾಮದ ಟಸ್ಕೀಗಿ ಎಂಬಲ್ಲಿ 1932ರಿಂದ 1972ರವರೆಗೆ ಅಲ್ಲಿನ ಸರಕಾರದ ಸಾರ್ವಜನಿಕ ಆರೋಗ್ಯ ಇಲಾಖೆಯೇ ಒಂದು ಅಧ್ಯಯನ ನಡೆಸಿತು. ಸುಮಾರು 600 ಕಪ್ಪು ಗಂಡಸರು, ಬಹಳಷ್ಟು ಮಂದಿ ಬಡ ರೈತರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಕಾಯಿಲೆ ಏನು ಅಂತ ಅವರಿಗೆ ಹೇಳಲಿಲ್ಲ, "ರಕ್ತ ಕೆಟ್ಟಿದೆ" ಅಂದರು. ಊಟ ಕೊಟ್ಟರು, ಸತ್ತರೆ ಮಣ್ಣು ಮಾಡುವ ಖರ್ಚು ಕೊಡುತ್ತೇವೆ ಅಂದರು. 1940ರ ದಶಕದಲ್ಲಿ ಪೆನ್ಸಿಲಿನ್ ಬಂದ ಮೇಲೂ ಮದ್ದು ಕೊಡಲಿಲ್ಲ. ಕಾಯಿಲೆ ಮನುಷ್ಯನನ್ನು ಹೇಗೆ ತಿನ್ನುತ್ತದೆ ಅಂತ ನೋಡುತ್ತಾ ಕುಳಿತರು. ಪತ್ರಿಕೆಗಳಲ್ಲಿ ಬಂದ ಮೇಲಷ್ಟೇ ಅದು ನಿಂತದ್ದು. ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ.

ಸುದ್ದಿ ಹೊರಬಿದ್ದ ಮೇಲೆ ಆದದ್ದನ್ನೂ ಅಲ್ಲಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಟಸ್ಕೀಗಿಯ ಸುದ್ದಿ ಕೇಳಿದ ಕಪ್ಪು ಗಂಡಸರು ಆಸ್ಪತ್ರೆಗೆ ಹೋಗೋದನ್ನು ಕಡಿಮೆ ಮಾಡಿದರು. 45 ದಾಟಿದ ಕಪ್ಪು ಗಂಡಸರ ಆಯಸ್ಸು ಇದರಿಂದ ಒಂದೂವರೆ ವರ್ಷದವರೆಗೆ ಕಡಿಮೆಯಾಯಿತು ಅನ್ನೋದು ಆ ಅಂದಾಜು. ಆ ಅಧ್ಯಯನದಲ್ಲಿ ಇರದಿದ್ದ, ಟಸ್ಕೀಗಿಯನ್ನು ಕಣ್ಣಲ್ಲಿ ಕೂಡ ನೋಡದ ಜನರ ಆಯಸ್ಸು ಅದು. ನಮ್ಮಲ್ಲೂ ಹಾಗೇ. ಒಬ್ಬ ಹುಡುಗನಿಗೆ ವಾರ್ಡಿನಲ್ಲಿ ಆದ ಅವಮಾನ ಇಡೀ ಕಾಲನಿಗೆ ಗೊತ್ತಾಗುತ್ತದೆ. ಮುಂದಿನ ಜ್ವರಕ್ಕೆ ಇನ್ನೊಬ್ಬ ಹುಡುಗ ಆಸ್ಪತ್ರೆಯ ಕಡೆಗೆ ತಲೆ ಹಾಕುವುದಿಲ್ಲ.

"ನಾವು ಓದಿದವರು, ನಮಗೆ ಪೂರ್ವಗ್ರಹ ಇಲ್ಲ" ಅನ್ನುವ ವೈದ್ಯರಿಗೆ ಇನ್ನೊಂದು ಸಂಗತಿ. 2016ರಲ್ಲಿ ವರ್ಜೀನಿಯ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಕೇಳಿ ನೋಡಿದರು. ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಿಜ ಅಂದುಕೊಂಡಿದ್ದರು. ಅಂಥ ನಂಬಿಕೆ ಇದ್ದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂತ ಅಂದಾಜು ಮಾಡಿದರು. ನಮ್ಮಲ್ಲಿ "ಅವರು ಗಟ್ಟಿ ಜನ, ಕಾಡಲ್ಲಿ ಬೆಳೆದವರು, ತಡ್ಕೊಳ್ತಾರೆ" ಅನ್ನೋ ಮಾತನ್ನು ಎಷ್ಟು ಸಲ ಕೇಳಿಲ್ಲ! ಹೆರಿಗೆ ಕೋಣೆಯ ಹೊರಗೆ ನಾನೇ ಕೇಳಿದ್ದೇನೆ. ಹೊಗಳಿಕೆಯ ಹಾಗೆ ಕೇಳುತ್ತದೆ. ಆದರೆ ಅದರ ಫಲ ಒಂದೇ, ನೋವಿನ ಮದ್ದು ತಡವಾಗುತ್ತದೆ.

ಉಪಕರಣಗಳ ವಿಷಯವೂ ಇದೆ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆ ಮನೆಗೂ ಬಂತು. ಅದರ ಅಂಕಿ ನೋಡಿ ಆಸ್ಪತ್ರೆಗೆ ಬರಬೇಕೋ ಬೇಡವೋ ಅಂತ ಫೋನಿನಲ್ಲೇ ಹೇಳುತ್ತಿದ್ದರು. ಅದೇ 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ತೋರಿಸಿಕೊಟ್ಟರು: ರಕ್ತದಲ್ಲಿ ಆಮ್ಲಜನಕ ನಿಜವಾಗಿ ಇಳಿದಿದ್ದರೂ ಆ ಯಂತ್ರ ಸರಿ ಇದೆ ಅಂತ ತೋರಿಸುವುದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಕಾರಣ ಸರಳ. ಬೆರಳಿನ ಮೂಲಕ ಹಾದುಹೋಗುವ ಬೆಳಕನ್ನು ಅಳೆದು ಆ ಯಂತ್ರ ಲೆಕ್ಕ ಹೇಳುತ್ತದೆ, ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ. ಯಂತ್ರಕ್ಕೆ ದ್ವೇಷ ಇಲ್ಲ. ಆದರೆ ಅದನ್ನು ಹೆಚ್ಚಾಗಿ ತಿಳಿಬಣ್ಣದ ಜನರ ಮೇಲೆ ಪರೀಕ್ಷಿಸಿ ಮಾರುಕಟ್ಟೆಗೆ ಬಿಟ್ಟವರು ಮನುಷ್ಯರು. ಕಪ್ಪು ಬೆರಳಿನವರು "ಉಸಿರು ಕಟ್ಟುತ್ತದೆ" ಅಂದರೆ, ಯಂತ್ರ 95 ತೋರಿಸಿದರೂ ಅವರ ಮಾತನ್ನು ಒಮ್ಮೆ ನಂಬಿ.

ಈ ಜಿಲ್ಲೆಯ ಜನರ ಮಾತನ್ನು ನಂಬದೆ ಆದ ನಷ್ಟ ನಮಗೆ ಹೊಸದಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಹುಟ್ಟುವ ಮಕ್ಕಳು ಹೀಗೇಕೆ, ದನಕರುಗಳು ಹೀಗೇಕೆ ಅಂತ ಪಡ್ರೆ, ಸ್ವರ್ಗ, ವಾಣೀನಗರ ಎಂಬ ಊರುಗಳ ಜನ ಕೇಳುತ್ತಲೇ ಇದ್ದರು. ಅದು ದೇವರ ಶಾಪ ಅಂದವರಿದ್ದರು, ಸಂಬಂಧದಲ್ಲಿ ಮದುವೆಯಾದ್ದರಿಂದ ಅಂದವರಿದ್ದರು. ಜನರ ಮಾತನ್ನು ಮೊದಲು ಕಿವಿಗೊಟ್ಟು ಕೇಳಿದವರು ವಾಣೀನಗರದಲ್ಲೇ ಕ್ಲಿನಿಕ್ ಇಟ್ಟಿದ್ದ ಡಾ. ವೈ. ಎಸ್. ಮೋಹನ್ ಕುಮಾರ್. ಅವರ ಹತ್ತಿರ ದೊಡ್ಡ ಲ್ಯಾಬ್ ಇರಲಿಲ್ಲ. ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಅಂತ ಅವರಿಗೆ ಗೊತ್ತಿತ್ತು, ಜನ ಅವರ ಹತ್ತಿರ ತಮ್ಮ ಭಾಷೆಯಲ್ಲಿ ಎಲ್ಲವನ್ನೂ ಹೇಳುತ್ತಿದ್ದರು. ಒಂದೇ ಊರಲ್ಲಿ ಇಷ್ಟೊಂದು ನರದೌರ್ಬಲ್ಯ, ಇಷ್ಟೊಂದು ಕ್ಯಾನ್ಸರ್ ಯಾಕೆ ಅನ್ನೋ ಪ್ರಶ್ನೆ ಹುಟ್ಟಿದ್ದು ಆ ಕ್ಲಿನಿಕ್ಕಿನಲ್ಲಿ. ಸುಪ್ರೀಂ ಕೋರ್ಟ್ ದೇಶವಿಡೀ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ ತಿಂಗಳಿನಲ್ಲಿ. ನೊಂದವರಿಗೆ 5 ಲಕ್ಷ ರೂಪಾಯಿ ಪರಿಹಾರ ಮೂರು ತಿಂಗಳೊಳಗೆ ಕೊಡಿ ಅಂತ ಅದೇ ಕೋರ್ಟ್ 2017ರ ಜನವರಿಯಲ್ಲಿ ಹೇಳಿದ ಮೇಲೂ ವರ್ಷಗಟ್ಟಲೆ ಕಾದವರು ನಮ್ಮ ಪಂಚಾಯತಿನಲ್ಲಿದ್ದಾರೆ. ಆ ವರ್ಷಗಳಲ್ಲಿ ಎಷ್ಟೋ ತಂಡಗಳು ಬಂದು ಎಷ್ಟೋ ಮಂದಿಯ ರಕ್ತ ತೆಗೆದುಕೊಂಡು ಹೋದವು. ಫಲಿತಾಂಶ ಏನಾಯಿತು ಅಂತ ಮನೆಗೆ ಬಂದು ಹೇಳಿದವರು ಅಪರೂಪ. ಅದಕ್ಕೇ ಇವತ್ತಿಗೂ ರಕ್ತ ಪರೀಕ್ಷೆ ಅಂದರೆ "ಯಾರಿಗೆ ಬೇಕಾಗಿ?" ಅಂತ ಅಮ್ಮಂದಿರು ಕೇಳುತ್ತಾರೆ. ಅದು ಹಟದ ಪ್ರಶ್ನೆ ಅಂದುಕೊಳ್ಳಬೇಡಿ. ಉತ್ತರ ಕೊಡಬೇಕಾದ ಪ್ರಶ್ನೆ.

ಗಡಿಯ ಆಚೆ ಕಡೆಯಿಂದಲೂ ನಮಗೆ ಪೆಟ್ಟು ಬಿದ್ದಿದೆ. ಕೊರೊನಾ ಹರಡುತ್ತದೆ ಅಂತ 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆಗೂ ಒಳದಾರಿಗಳಿಗೂ ಕರ್ನಾಟಕದ ಕಡೆಯಿಂದ ಮಣ್ಣು ಸುರಿದು ಮುಚ್ಚಿದರು. ಡಯಾಲಿಸಿಸ್, ಹೃದಯದ ಕಾಯಿಲೆ ಅಂತ ಮಂಗಳೂರನ್ನೇ ನಂಬಿದ್ದವರು ಗಡಿಯಲ್ಲೇ ಉಳಿದರು. ದಾರಿ ಸಿಗದೆ ಸತ್ತವರಿದ್ದಾರೆ. ಕಾಸರಗೋಡಿನವರು ಅಂದರೆ ಸೋಂಕು ಹೊತ್ತವರು ಅಂತ ನಮ್ಮದೇ ಭಾಷೆ ಆಡುವ ಜನ ನಮ್ಮನ್ನು ನೋಡಿದರು. ಇನ್ನೊಬ್ಬರ ಕಣ್ಣಲ್ಲಿ ರೋಗವಾಗಿ ಕಾಣುವುದು ಹೇಗಿರುತ್ತದೆ ಅಂತ ಆಗ ಈ ಜಿಲ್ಲೆಯ ಎಲ್ಲರಿಗೂ ಗೊತ್ತಾಯಿತು. ಕೊರಗರಿಗೆ ಅದು ಮೊದಲೇ ಗೊತ್ತಿತ್ತು.

ಇದೆಲ್ಲ ಬರೀ ಮನಸ್ಸಿಗಾಗುವ ನೋವು ಅಂತ ಬಿಟ್ಟುಬಿಡುವ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಹೆಂಡತಿಯ ಹೆರಿಗೆಗೆಂದು ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿಗೆ ಬಂದಿದ್ದ ವಯನಾಡಿನ ಆದಿವಾಸಿಯೊಬ್ಬರ ಮೇಲೆ ಆಸ್ಪತ್ರೆಯ ಆವರಣದಲ್ಲಿ ಕಳ್ಳತನದ ಆರೋಪ ಹೊರಿಸಿ ಜನ ವಿಚಾರಿಸಿದರು. ವರ್ಷಗಟ್ಟಲೆ ಕಾದು ಹುಟ್ಟಿದ ಮೊದಲ ಮಗು. ಮರುದಿನಗಳಲ್ಲಿ ಅವರು ಹತ್ತಿರದ ಮರದಲ್ಲಿ ಹೆಣವಾಗಿ ಸಿಕ್ಕಿದರು. ಅವರ ಮೈಬಣ್ಣ, ಅವರ ಬಟ್ಟೆ ನೋಡಿ ಅನುಮಾನ ಪಟ್ಟದ್ದು ಅನ್ನೋದು ಅವರ ಮನೆಯವರ ನೋವು. ನಮ್ಮ ಕಾಲನಿಯವರೂ ಆ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿದ್ದಾರೆ.

ಹಾಗಾದರೆ ಏನು ಮಾಡಬೇಕು ಅಂತ ನೀವು ಕೇಳಬಹುದು. ಓಕ್‌ಲ್ಯಾಂಡ್ ಅನ್ನುವ ಅಮೆರಿಕದ ಊರಿನಲ್ಲಿ ನಡೆದ ಒಂದು ಪ್ರಯೋಗ ನನಗೆ ದಾರಿ ತೋರಿಸಿತು. ಕಪ್ಪು ಗಂಡಸರಿಗೆ ಮೊದಲು ಡಾಕ್ಟ್ರ ಫೋಟೋ ಮಾತ್ರ ತೋರಿಸಿ, ಯಾವ ಪರೀಕ್ಷೆ ಮಾಡಿಸುತ್ತೀರಿ ಅಂತ ಕೇಳಿದರು. ಡಾಕ್ಟ್ರು ಕಪ್ಪೋ ಬಿಳಿಯೋ, ಉತ್ತರದಲ್ಲಿ ವ್ಯತ್ಯಾಸ ಬರಲಿಲ್ಲ. ಎದುರಿಗೆ ಕೂತು ಮಾತಾಡಿದ ಮೇಲೆ, ಕಪ್ಪು ಡಾಕ್ಟ್ರು ಸಿಕ್ಕಿದವರಲ್ಲಿ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಪರೀಕ್ಷೆಗೆ ಒಪ್ಪಿದವರು ಜಾಸ್ತಿಯಾದರು. ಅಂದರೆ ನಂಬಿಕೆ ಹುಟ್ಟಿದ್ದು ಮಾತಿನಲ್ಲಿ, ಆ ಕೋಣೆಯ ಒಳಗೆ. ನಮ್ಮಲ್ಲಿ ಕೊರಗ ಡಾಕ್ಟ್ರುಗಳು ಬೇಕು, ಬರುತ್ತಾರೆ, ಅದಕ್ಕೆ ಮಕ್ಕಳು ಓದಬೇಕು, ಕಾಲ ಬೇಕು. ಆದರೆ ಕೋಣೆಯ ಒಳಗಿನ ಮಾತನ್ನು ನಾಳೆ ಬೆಳಿಗ್ಗೆಯೇ ಬದಲಾಯಿಸಬಹುದು.

ಆದ್ದರಿಂದ ವೈದ್ಯರಲ್ಲಿ ನನ್ನ ಮೊದಲ ಕೋರಿಕೆ: ಮುಟ್ಟಿ ಪರೀಕ್ಷೆ ಮಾಡದೆ ಯಾರಿಗೂ ಮದ್ದು ಬರೆಯಬೇಡಿ. ಕುಡಿಯುತ್ತೀರಾ ಅಂತ ಕೇಳಬೇಕಾದರೆ ಕೇಳಿ, ಆದರೆ ಎಲ್ಲರನ್ನೂ ಕೇಳಿ. ಅದನ್ನೂ ರೋಗಿಯನ್ನೇ ನೋಡಿ ಕೇಳಿ, ಜತೆಗೆ ಬಂದವರನ್ನಲ್ಲ.

ವೈದ್ಯಾಧಿಕಾರಿಗಳಲ್ಲಿ ನಾನು ಕೇಳುವುದು ಸ್ವಲ್ಪ ಜಾಸ್ತಿ ಇದೆ. ಹೇಳದೆ ಹೋದವರು ಅಂತ ಬರೆಯುವ ಪುಸ್ತಕ ಇದೆಯಲ್ಲ, ಅಂಥವರ ಮನೆಗೆ ಒಂದು ವಾರದೊಳಗೆ ಆಶಾ ಕಾರ್ಯಕರ್ತೆಯನ್ನೋ, ಬುಡಕಟ್ಟು ಜನರಿಗೆ ನೆರವಾಗಲು ಸರಕಾರ ನೇಮಿಸಿದ ಎಸ್‌ಟಿ ಪ್ರಮೋಟರನ್ನೋ ಕಳುಹಿಸಿ ಯಾಕೆ ಹೋದಿರಿ ಅಂತ ಕೇಳಿಸಿ. ಅವರು ಹೇಳಿದ ಕಾರಣವನ್ನೂ ಅದೇ ಪುಸ್ತಕದಲ್ಲಿ, ಅವರ ಮಾತಿನಲ್ಲೇ ಬರೆಸಿ. ಆರು ತಿಂಗಳು ಹೀಗೆ ಮಾಡಿದರೆ ಸಭೆಯಲ್ಲಿ ಮಾತಾಡುವ ಧಾಟಿಯೇ ಬದಲಾಗುತ್ತದೆ. ಪ್ರಮೋಟರುಗಳು ಈಗ ಕಾಗದಪತ್ರದ ಓಡಾಟದಲ್ಲೇ ಸುಸ್ತಾಗುತ್ತಾರೆ. ಓಪಿ ನಡೆಯುವ ಹೊತ್ತಿನಲ್ಲಿ ದೊಡ್ಡ ಆಸ್ಪತ್ರೆಗಳಲ್ಲಾದರೂ ತುಳು, ಕನ್ನಡ ಬರುವ ಒಬ್ಬರು ರೋಗಿಯ ಜತೆ ಒಳಗೆ ಇರುವ ಹಾಗೆ ಮಾಡಿ. ನನ್ನಂಥ ನೆರೆಕರೆಯವರ ಬಿಡುವನ್ನು ನಂಬಿಕೊಂಡು ಒಬ್ಬರ ಚಿಕಿತ್ಸೆ ನಡೆಯಬಾರದು. ಹೆಂಗಸರು ಎಷ್ಟೋ ವಿಷಯವನ್ನು ಊರಿನವರ ಮುಂದೆ ಹೇಳಲಾರರು, ನನ್ನ ಮುಂದೆಯೂ ಹೇಳಲಾರರು.

ಕಾಸರಗೋಡು, ಮಂಜೇಶ್ವರ ತಾಲೂಕುಗಳು ಭಾಷಾ ಅಲ್ಪಸಂಖ್ಯಾತ ಪ್ರದೇಶ. ಇಲ್ಲಿಗೆ ಬರುವ ವೈದ್ಯರಿಗೆ ಸೇರುವ ಮೊದಲೇ ಸ್ವಲ್ಪ ತುಳು, ಕನ್ನಡ ಕಲಿಸುವುದು ದೊಡ್ಡ ಕೆಲಸವಲ್ಲ. 2019ರಿಂದ ಎಂಬಿಬಿಎಸ್ ಓದುವವರಿಗೆ ಶುರುವಿನಲ್ಲೇ ಸ್ಥಳೀಯ ಭಾಷೆ ಕಲಿಸುವ ಪಾಠವೂ, ರೋಗಿಯ ಜತೆ ಹೇಗೆ ನಡೆದುಕೊಳ್ಳಬೇಕು ಅನ್ನೋ ಪಾಠವೂ ದೇಶವಿಡೀ ಇದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ, ನಾವು ಅದಕ್ಕಾಗಿ ಕಾದದ್ದು ಎಲ್ಲರಿಗೂ ಗೊತ್ತು. ಅಲ್ಲಿಗೆ ಕಲಿಯಲು ಬರುವ ಮಕ್ಕಳಿಗೆ ಆ ಪಾಠವನ್ನು ಪುಸ್ತಕದಿಂದ ಮಾತ್ರ ಮಾಡಬೇಡಿ. ಕೊರಗ ಹಿರಿಯರನ್ನು, ಎಂಡೋಸಲ್ಫಾನ್ ಮಕ್ಕಳ ಅಮ್ಮಂದಿರನ್ನು ತರಗತಿಗೆ ಕರೆದು, ಸಂಬಳ ಕೊಟ್ಟು, ಮಾತಾಡಿಸಿ. ಆಸ್ಪತ್ರೆಯಲ್ಲಿ ತಮಗೆ ಏನಾಯಿತು ಅಂತ ಅವರ ಬಾಯಿಂದಲೇ ಕೇಳಲಿ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿದ ರೋಗಿಗಳ ಹಕ್ಕುಪತ್ರದಲ್ಲಿ 17 ಹಕ್ಕುಗಳಿವೆ. ಭೇದ ಇಲ್ಲದೆ ಚಿಕಿತ್ಸೆ ಪಡೆಯುವುದು ಅದರಲ್ಲಿ ಒಂದು, ತನ್ನ ಕಾಯಿಲೆ ಏನು ಅಂತ ತಿಳಿಯುವುದು ಇನ್ನೊಂದು. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಓಪಿಯ ಬಾಗಿಲಿಗೆ ಹಾಕಿಸಿ. ಓದಲು ಬಾರದವರಿಗೆ ಓದಿ ಹೇಳುವ ವ್ಯವಸ್ಥೆ ಮಾಡಿ. ದೂರು ಕೊಡುವುದು ಯಾರಿಗೆ, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಅನ್ನೋದೂ ಅದರ ಕೆಳಗೆ ಇರಲಿ. ದೂರು ಕೊಟ್ಟವರನ್ನು ಮುಂದಿನ ಸಲ ಓಪಿಯಲ್ಲಿ ಕಾಯಿಸಿ ಸತಾಯಿಸುವುದಿಲ್ಲ ಅನ್ನೋ ಭರವಸೆ ಬೇಕು. ಆ ಭಯ ಇಲ್ಲಿ ಬಹಳ ಇದೆ. ನಾನು ಮೇಲೆ ಹೇಳಿದ ಇಬ್ಬರ ಹೆಸರನ್ನೂ ಆಸ್ಪತ್ರೆಗಳ ಹೆಸರನ್ನೂ ಬರೆಯದೆ ಇರಲು ಅದೇ ಕಾರಣ. ತಪ್ಪು ಮಾಡಿದ ಒಬ್ಬ ಡಾಕ್ಟ್ರನ್ನು ಹಿಡಿದು ಶಿಕ್ಷಿಸಿ ಅಂತ ಕೇಳಲು ಈ ಪತ್ರ ಬರೆದಿಲ್ಲ. ಒಬ್ಬರನ್ನು ವರ್ಗಾಯಿಸಿ ವಿಷಯ ಮುಗಿಯಿತು ಅಂದರೆ ಮತ್ತೆ ಇದೇ ಆಗುತ್ತದೆ.

ಹಾಗೆಯೇ, ಈ ಜಿಲ್ಲೆಯಲ್ಲಿ ಇನ್ನು ಮುಂದೆ ಯಾವ ಸಂಸ್ಥೆಯವರು ಬಂದು ರಕ್ತ ತೆಗೆದರೂ, ಯಾಕೆ ತೆಗೆಯುತ್ತಾರೆ ಅಂತ ರಕ್ತ ಕೊಡುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮೊದಲೇ ಹೇಳಬೇಕು, ಫಲಿತಾಂಶವನ್ನು ಆ ಮನೆಗೇ ಮುಟ್ಟಿಸಬೇಕು. ಮುಟ್ಟಿಸದವರಿಗೆ ಮುಂದಿನ ಸಲ ಅನುಮತಿ ಕೊಡಬೇಡಿ.

ಸಂವಿಧಾನದ 350ನೇ ವಿಧಿಯ ಪ್ರಕಾರ ಯಾವ ಪ್ರಜೆಯೂ ತನ್ನ ದೂರನ್ನು ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದು. ನಾನು ಕನ್ನಡದಲ್ಲಿ ಕೊಟ್ಟಿದ್ದೇನೆ. ಉತ್ತರವನ್ನೂ ಕನ್ನಡದಲ್ಲಿ, ಲಿಖಿತವಾಗಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ಆರೋಗ್ಯ ಸಭೆಯನ್ನು ಪಂಚಾಯತು ಹಾಲಿನ ಬದಲು ಕಾಲನಿಯ ಅಂಗಳದಲ್ಲೇ ಇಡಿ, ಅವರ ಕೆಲಸ ಮುಗಿದ ಸಂಜೆಯ ಹೊತ್ತಿಗೆ. ದಿನ ಯಾವುದು ಅಂತ ಒಂದು ವಾರ ಮೊದಲು ತಿಳಿಸಿದರೆ ಎಲ್ಲರಿಗೂ ಹೇಳುವ ಜವಾಬ್ದಾರಿ ನನ್ನದು. ಭಾಷಾಂತರ ಮಾಡಿ ಹೇಳಲು ನಾನೂ ಬರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಎಣ್ಮಕಜೆ ಪಂಚಾಯತು, ಕಾಸರಗೋಡು ಜಿಲ್ಲೆ